ವಾಹನದ ಮುಂಗಾಜಿನ ರಕ್ಷಣೆ ಮತ್ತು ಬದಲಾವಣೆಯ ವೆಚ್ಚ

ವಾಹನದ ಮುಂಗಾಜು ಅಥವಾ ವಿಂಡ್‌ಶೀಲ್ಡ್ ಎಂಬುದು ಚಾಲಕನ ಎದುರಿಗೆ ಅಳವಡಿಸಲಾಗುವ ಸುರಕ್ಷಾ ಗಾಜು. ಎರಡು ಗಾಜಿನ ಹಾಳೆಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆಯನ್ನು ಬೆಸೆದು ಇದನ್ನು ತಯಾರಿಸಲಾಗುತ್ತದೆ. ಗಾಳಿ, ಧೂಳು, ಮಳೆಗಳನ್ನು ತಡೆಯುವುದರ ಜೊತೆಗೆ ಇದು ವಾಹನದ ಮೇಲ್ಛಾವಣಿಗೆ ಆಧಾರವಾಗಿಯೂ, ಅಪಘಾತದ ಸಮಯದಲ್ಲಿ ಪ್ರಯಾಣಿಕರು ಹೊರಗೆ ಎಸೆಯಲ್ಪಡದಂತೆ ತಡೆಯಾಗಿಯೂ ಕೆಲಸ ಮಾಡುತ್ತದೆ. ಸಣ್ಣ ಕಲ್ಲಿನ ಪೆಟ್ಟಿನಿಂದ ಆರಂಭವಾಗುವ ಬಿರುಕು ಸಕಾಲದಲ್ಲಿ ದುರಸ್ತಿಯಾಗದಿದ್ದರೆ ಇಡೀ ಗಾಜನ್ನೇ ಬದಲಾಯಿಸಬೇಕಾಗುತ್ತದೆ. ಆ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ವಾಹನಕ್ಕೆ ಯಾವ ಬಗೆಯ ವಿಮೆ ಇದೆ ಎಂಬುದನ್ನು ಅವಲಂಬಿಸಿದೆ. ಈ ಲೇಖನವು ಮುಂಗಾಜಿನ ರಚನೆ, ಬಿರುಕಿನ ಕಾರಣಗಳು, ರಕ್ಷಣೆಯ ಕ್ರಮಗಳು, ಕಾನೂನು ಹಾಗೂ ವಿಮೆಯನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ರಸ್ತೆಗಳ ಹಿನ್ನೆಲೆಯಲ್ಲಿ ವಿವರಿಸುತ್ತದೆ.

## ಇತಿಹಾಸ

ಮೊದಲ ಮೋಟಾರು ವಾಹನಗಳಲ್ಲಿ ಸಾಮಾನ್ಯ ಕಿಟಕಿ ಗಾಜನ್ನೇ ಬಳಸಲಾಗುತ್ತಿತ್ತು. ಅದು ಒಡೆದಾಗ ಚೂಪಾದ ಚೂರುಗಳಾಗಿ ಸಿಡಿದು, ಅಪಘಾತಕ್ಕಿಂತ ಗಾಜೇ ಹೆಚ್ಚು ಗಾಯಗಳನ್ನು ಉಂಟುಮಾಡುತ್ತಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಹಾಗೂ ಕಲಾವಿದ ಎಡ್ವಾರ್ಡ್ ಬೆನೆಡಿಕ್ಟಸ್ ಅವರ ಪ್ರಯೋಗಾಲಯದಲ್ಲಿ ಕೆಳಗೆ ಬಿದ್ದ ಗಾಜಿನ ಪಾತ್ರೆಯೊಂದು ಬಿರುಕು ಬಿಟ್ಟರೂ ಚೂರಾಗಿ ಹರಡಲಿಲ್ಲ. ಅದರ ಒಳಮೈಯಲ್ಲಿ ಸೆಲ್ಯುಲೋಸ್ ನೈಟ್ರೇಟಿನ ತೆಳುಪೊರೆ ಒಣಗಿ ಅಂಟಿಕೊಂಡಿದ್ದುದೇ ಇದಕ್ಕೆ ಕಾರಣವಾಗಿತ್ತು. ಈ ಅವಲೋಕನದಿಂದ ರೂಪುಗೊಂಡ ಪದರಗಾಜಿಗೆ ಅವರು 1909ರಲ್ಲಿ ಪೇಟೆಂಟ್ ಪಡೆದರು. ಸೆಲ್ಯುಲೋಸ್ ಪೊರೆ ಕಾಲಕ್ರಮದಲ್ಲಿ ಹಳದಿಯಾಗುತ್ತಿದ್ದುದರಿಂದ, 1930ರ ದಶಕದ ಕೊನೆಯಲ್ಲಿ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಹೆಚ್ಚು ಸ್ಥಿರವಾದ ಪ್ಲಾಸ್ಟಿಕ್ ಬಳಕೆಗೆ ಬಂದಿತು. ಇಂದಿಗೂ ಮುಂಗಾಜುಗಳಲ್ಲಿ ಮುಖ್ಯವಾಗಿ ಇದನ್ನೇ ಬಳಸಲಾಗುತ್ತಿದೆ.

## ರಚನೆ

ಸಾಮಾನ್ಯ ಕಾರಿನ ಮುಂಗಾಜಿನಲ್ಲಿ ತಲಾ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜಿನ ಹಾಳೆಗಳೂ ಅವುಗಳ ನಡುವೆ ಸುಮಾರು 0.76 ಮಿ.ಮೀ. ದಪ್ಪದ ಪೊರೆಯೂ ಇರುತ್ತವೆ. ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಸೀಳುತ್ತದೆ. ಪೊರೆಯು ಚೂರುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಾಜು ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ.

ಪಕ್ಕದ ಮತ್ತು ಹಿಂದಿನ ಕಿಟಕಿಗಳಲ್ಲಿ ಹೆಚ್ಚಾಗಿ ಹದಗೊಳಿಸಿದ ಗಾಜು, ಅಂದರೆ ಟಫನ್ಡ್ ಗಾಜು ಇರುತ್ತದೆ. ಕಾಯಿಸಿ ಥಟ್ಟನೆ ತಣಿಸಿದ ಈ ಗಾಜು ಒಡೆದರೆ ಮೊಂಡು ಅಂಚಿನ ಸಣ್ಣ ಹರಳುಗಳಾಗಿ ಪೂರ್ತಿ ಉದುರಿಬಿಡುತ್ತದೆ. ಆದುದರಿಂದ ಕಿಟಕಿಯ ಗಾಜಿನಲ್ಲಿ ದುರಸ್ತಿಗೆ ಅವಕಾಶವಿಲ್ಲ. ಮುಂಗಾಜಿನಲ್ಲಿ ಮಾತ್ರ ಸಣ್ಣ ಪೆಟ್ಟನ್ನು ಸರಿಪಡಿಸಲು ಸಾಧ್ಯವಿದೆ.

ಆಧುನಿಕ ಕಾರುಗಳಲ್ಲಿ ಗಾಜನ್ನು ಪಾಲಿಯುರೇಥೇನ್ ಅಂಟಿನಿಂದ ಚೌಕಟ್ಟಿಗೆ ಕೂರಿಸಲಾಗುತ್ತದೆ. ಅನೇಕ ಬಸ್ಸು, ಲಾರಿ ಮತ್ತು ಹಳೆಯ ಜೀಪುಗಳಲ್ಲಿ ರಬ್ಬರ್ ಬೀಡಿಂಗ್ ಬಳಸಲಾಗಿದೆ. ಅಂಟಿನಿಂದ ಕೂರಿಸಿದ ಗಾಜು ವಾಹನದ ಒಡಲಿನ ಒಂದು ಭಾಗವೇ ಆಗುತ್ತದೆ. ಮುಂಬದಿಯ ಪ್ರಯಾಣಿಕನ ಏರ್‌ಬ್ಯಾಗು ಉಬ್ಬುವಾಗ ಗಾಜಿಗೆ ಆತುಕೊಳ್ಳುವುದರಿಂದ, ಗಾಜಿನ ಅಳವಡಿಕೆ ಸಡಿಲವಾಗಿದ್ದರೆ ಏರ್‌ಬ್ಯಾಗಿನ ಪ್ರಯೋಜನವೂ ಕುಗ್ಗುತ್ತದೆ.

## ಬಿರುಕು ಬೆಳೆಯುವ ಬಗೆ

ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗಾಜಿನ ಬಲವನ್ನು ಅದರಲ್ಲಿರುವ ಸೂಕ್ಷ್ಮ ಸೀಳುಗಳೇ ನಿರ್ಧರಿಸುತ್ತವೆ ಎಂದು ತೋರಿಸಿದರು. ಸೀಳಿನ ತುದಿಯಲ್ಲಿ ಎಳೆತ ಕೇಂದ್ರೀಕೃತವಾಗುತ್ತದೆ. ಸೀಳು ಉದ್ದವಾದಷ್ಟೂ ಅದು ಮುಂದುವರಿಯಲು ಬೇಕಾಗುವ ಬಲ ಕಡಿಮೆಯಾಗುತ್ತದೆ. ಅನೇಕ ದಿನಗಳ ಕಾಲ ಚುಕ್ಕೆಯಾಗಿಯೇ ಇದ್ದ ಪೆಟ್ಟು ಒಂದು ಬೆಳಿಗ್ಗೆ ಗೇಣುದ್ದದ ಗೆರೆಯಾಗುವುದು ಇದರಿಂದಲೇ.

ಬಿರುಕನ್ನು ಬೆಳೆಸುವ ಮುಖ್ಯ ಕಾರಣಗಳು ನಾಲ್ಕು:

* ಉಷ್ಣತೆಯ ವ್ಯತ್ಯಾಸ: ಒಂದು ಮೀಟರ್ ಅಗಲದ ಗಾಜು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದಾಗ ಸುಮಾರು 0.09 ಮಿ.ಮೀ. ಹಿಗ್ಗುತ್ತದೆ. ಗಾಜಿನ ಒಂದು ಭಾಗ ಬಿಸಿಯಾಗಿ ಇನ್ನೊಂದು ಭಾಗ ತಣ್ಣಗಿದ್ದರೆ ಈ ಅಲ್ಪ ವ್ಯತ್ಯಾಸವೇ ಸೀಳನ್ನು ಎಳೆಯಲು ಸಾಕು. ಬಿಸಿಲಲ್ಲಿ ನಿಂತ ಕಾರಿನ ಗಾಜಿಗೆ ತಣ್ಣೀರು ಎರಚುವುದು, ಏರ್ ಕಂಡೀಷನರಿನ ತಂಪು ಗಾಳಿಯನ್ನು ನೇರವಾಗಿ ಗಾಜಿಗೆ ಬಿಡುವುದು ಇದಕ್ಕೆ ಉದಾಹರಣೆಗಳು.
* ತೇವಾಂಶ: ಸೀಳಿನ ತುದಿಗೆ ಇಳಿದ ನೀರು ಗಾಜಿನ ರಾಸಾಯನಿಕ ಬಂಧಗಳನ್ನು ಸಡಿಲಗೊಳಿಸುವುದರಿಂದ ಮಳೆಗಾಲದಲ್ಲಿ ಬಿರುಕು ಬೇಗ ಬೆಳೆಯುತ್ತದೆ.
* ಕುಲುಕಾಟ: ಗುಂಡಿ ಮತ್ತು ಹಂಪುಗಳಲ್ಲಿ ವಾಹನದ ಒಡಲು ತಿರುಚಿಕೊಂಡಾಗ ಆ ಒತ್ತಡ ಗಾಜಿನ ಅಂಚಿಗೆ ವರ್ಗವಾಗುತ್ತದೆ.
* ಗಾಳಿಯ ಒತ್ತಡ: ಕಿಟಕಿಗಳೆಲ್ಲ ಮುಚ್ಚಿರುವಾಗ ಬಾಗಿಲನ್ನು ರಭಸದಿಂದ ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ.

## ಹಾವೇರಿ ಜಿಲ್ಲೆಯ ರಸ್ತೆಗಳ ಸಂದರ್ಭ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯು ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವ ಪ್ರದೇಶ. ಮುಂಗಾಜಿಗೆ ಒದಗುವ ಅಪಾಯವೂ ತಾಲ್ಲೂಕಿನಿಂದ ತಾಲ್ಲೂಕಿಗೆ ಭಿನ್ನವಾಗಿದೆ.

ಶಿಗ್ಗಾಂವಿ ತಾಲ್ಲೂಕಿನಲ್ಲಿ ಪುಣೆ–ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಇದು ಹಿಂದೆ ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. ತಡಸ, ಶಿಗ್ಗಾಂವಿ, ಬಂಕಾಪುರಗಳ ಆಸುಪಾಸಿನಲ್ಲಿ ಭಾರೀ ಲಾರಿಗಳ ನಡುವೆ ಕಾರುಗಳು ವೇಗವಾಗಿ ಸಾಗುತ್ತವೆ. ಅವಳಿ ಚಕ್ರಗಳ ನಡುವೆ ಸಿಕ್ಕಿಕೊಂಡ ಕಲ್ಲು ಸಿಡಿಯುವುದು, ಕಾಮಗಾರಿ ನಡೆದ ಕಡೆ ಉಳಿದ ಖಡಿ ಹಾರುವುದು ಇಲ್ಲಿನ ಮುಖ್ಯ ಅಪಾಯಗಳು.

ಹಾನಗಲ್ಲ ತಾಲ್ಲೂಕು ಶಿರಸಿ ಸೀಮೆಗೆ ಹೊಂದಿಕೊಂಡಿದ್ದು, ಜಿಲ್ಲೆಯ ಪೂರ್ವ ಭಾಗಕ್ಕಿಂತ ಹೆಚ್ಚು ಮಳೆ ಪಡೆಯುತ್ತದೆ. ಮಳೆಗಾಲದಲ್ಲಿ ಡಾಂಬರು ಕಿತ್ತು ಖಡಿ ಮೇಲೇಳುತ್ತದೆ, ನೀರು ತುಂಬಿದ ಗುಂಡಿಯ ಆಳ ತಿಳಿಯುವುದಿಲ್ಲ. ಚಿಕ್ಕ ಪೆಟ್ಟು ಬಿದ್ದ ಗಾಜಿಗೆ ಇಲ್ಲಿ ತೇವ ಮತ್ತು ಕುಲುಕಾಟ ಎರಡೂ ಒಟ್ಟಿಗೆ ಬಾಧಿಸುತ್ತವೆ.

ಸವಣೂರು ಭಾಗದ ಎರೆಭೂಮಿಯಲ್ಲಿ ಮಳೆ ಬಂದಾಗ ಹೊಲದಿಂದ ಬರುವ ಟ್ರ್ಯಾಕ್ಟರುಗಳ ಚಕ್ರಕ್ಕೆ ಮಣ್ಣು ಮೆತ್ತಿಕೊಳ್ಳುತ್ತದೆ. ಅದರೊಡನೆ ಬಂದ ಹರಳುಗಲ್ಲುಗಳು ಡಾಂಬರು ರಸ್ತೆಯ ಮೇಲೆ ಉದುರಿ, ಒಣಗಿದ ಮೇಲೆ ಹಿಂದಿನ ವಾಹನಗಳ ಚಕ್ರಕ್ಕೆ ಸಿಕ್ಕಿ ಹಾರುತ್ತವೆ. ಬೇಸಿಗೆಯ ಧೂಳಿನಲ್ಲಿ ಒಣ ಗಾಜಿನ ಮೇಲೆ ವೈಪರ್ ಆಡಿಸಿದರೆ ಉಂಟಾಗುವ ಗೀರುಗಳು ರಾತ್ರಿಯ ವೇಳೆ ಎದುರಿನ ದೀಪದ ಬೆಳಕನ್ನು ಚದುರಿಸಿ ಚಾಲಕನ ಕಣ್ಣು ಕೋರೈಸುತ್ತವೆ.

ಹಿರೇಕೆರೂರು ತಾಲ್ಲೂಕು ಮೆಕ್ಕೆಜೋಳ ಮತ್ತು ಹತ್ತಿಯ ಬೆಳೆಗೆ ಹೆಸರಾದುದು. ಸುಗ್ಗಿಯ ಕಾಲದಲ್ಲಿ ಕಣದ ಕೊರತೆಯಿಂದ ರಸ್ತೆಯ ಮೇಲೆಯೇ ಕಾಳು ಒಣಗಿಸುವ, ಒಕ್ಕಣೆ ಮಾಡುವ ರೂಢಿ ಇಲ್ಲಿಯೂ ರಾಜ್ಯದ ಇತರ ಕಡೆಗಳಲ್ಲಿಯೂ ಇದೆ. ರಾಶಿಯ ಮೇಲೆ ವಾಹನ ಹಾಯದಂತೆ ಸುತ್ತಲೂ ಇಡುವ ಕಲ್ಲುಗಳನ್ನು ರಾಶಿ ತೆಗೆದ ನಂತರವೂ ಅಲ್ಲಿಯೇ ಬಿಟ್ಟರೆ ಅವು ದ್ವಿಚಕ್ರ ಸವಾರರಿಗೆ ಪ್ರಾಣಾಪಾಯವನ್ನೂ ಇತರ ವಾಹನಗಳಿಗೆ ಗಾಜಿನ ಹಾನಿಯನ್ನೂ ತರುತ್ತವೆ. ಕಾಳಿನೊಂದಿಗೆ ಕಲ್ಲನ್ನೂ ತೆಗೆದು ರಸ್ತೆಯ ಆಚೆ ಹಾಕುವುದು ಇದಕ್ಕೆ ಖರ್ಚಿಲ್ಲದ ಪರಿಹಾರ.

ವರದಾ ಮತ್ತು ತುಂಗಭದ್ರಾ ನದಿಗಳ ಮರಳು, ಕ್ವಾರಿಗಳ ಖಡಿ ಸಾಗಿಸುವ ವಾಹನಗಳಿಗೆ ತಾಡಪತ್ರಿ ಹೊದಿಸದಿದ್ದರೆ ಹಿಂದೆ ಬರುವ ಎಲ್ಲ ವಾಹನಗಳಿಗೂ ಅಪಾಯವಿದೆ.

## ಮುನ್ನೆಚ್ಚರಿಕೆ

ಕಲ್ಲಿನ ಪೆಟ್ಟಿನ ಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಾಳಿಯಲ್ಲಿ ಎದ್ದ ಕಲ್ಲಿಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗುವುದಕ್ಕೂ 60 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಎರಡನೆಯ ಸಂದರ್ಭದಲ್ಲಿ ಪೆಟ್ಟಿನ ಶಕ್ತಿ ಸುಮಾರು ಶೇ. 44ರಷ್ಟು ಕಡಿಮೆ. ಆದುದರಿಂದ ರಕ್ಷಣೆಯ ಮೊದಲ ಸಾಧನ ವೇಗ ಮತ್ತು ಅಂತರದ ನಿಯಂತ್ರಣವೇ ಆಗಿದೆ.

* ಮುಂದಿನ ವಾಹನದಿಂದ ಕನಿಷ್ಠ ಮೂರು ಸೆಕೆಂಡುಗಳ ಅಂತರ ಕಾಯಬೇಕು. 60 ಕಿ.ಮೀ. ವೇಗದಲ್ಲಿ ಇದು 50 ಮೀಟರ್ ಆಗುತ್ತದೆ. ಖಡಿ, ಮರಳು, ಕಬ್ಬು ತುಂಬಿದ ವಾಹನಗಳ ಹಿಂದೆ ಇನ್ನೂ ಹೆಚ್ಚು ಅಂತರ ಬೇಕು.
* ಹೊಸದಾಗಿ ಖಡಿ ಹರಡಿದ ರಸ್ತೆಯಲ್ಲಿ ವೇಗ ತಗ್ಗಿಸಬೇಕು ಮತ್ತು ಇತರ ವಾಹನಗಳನ್ನು ಹಿಂದಿಕ್ಕಬಾರದು.
* ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಬೇಕು. ಆದರೆ ತೆಂಗಿನ ಮರ ಅಥವಾ ಒಣಕೊಂಬೆಯ ಕೆಳಗೆ ನಿಲ್ಲಿಸಬಾರದು.
* ಬಿಸಿಯಾದ ಗಾಜಿಗೆ ತಣ್ಣೀರು ಹಾಕಬಾರದು. ಮೊದಲು ಕಿಟಕಿ ತೆರೆದು ಒಳಗಿನ ಕಾವು ಇಳಿಯಲು ಬಿಡಬೇಕು.
* ಧೂಳು ಕುಳಿತಾಗ ನೀರು ಚಿಮುಕಿಸಿದ ಬಳಿಕವೇ ವೈಪರ್ ಆಡಿಸಬೇಕು. ರಬ್ಬರ್ ಗಟ್ಟಿಯಾದ ವೈಪರನ್ನು ಮಳೆಗಾಲಕ್ಕೆ ಮುನ್ನ ಬದಲಾಯಿಸಬೇಕು.
* ಗಾಜಿನ ಒಳಬದಿಯಲ್ಲಿ ದೃಷ್ಟಿಗೆ ಅಡ್ಡವಾಗುವ ಸ್ಟಿಕ್ಕರು, ತೂಗಾಡುವ ಅಲಂಕಾರಗಳನ್ನು ಹಾಕಬಾರದು.

## ದುರಸ್ತಿ

ಪೆಟ್ಟು ಬಿದ್ದ ತಕ್ಷಣ ಆ ಜಾಗಕ್ಕೆ ಪಾರದರ್ಶಕ ಅಂಟುಪಟ್ಟಿ ಹಚ್ಚಿ ಧೂಳು, ನೀರು ಒಳಸೇರದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಮನೆಯಲ್ಲಿರುವ ಅಂಟು, ಉಗುರುಬಣ್ಣ, ಹಲ್ಲುಜ್ಜುವ ಪೇಸ್ಟುಗಳನ್ನು ಸೀಳಿಗೆ ತುಂಬಿದರೆ ನಂತರ ಸರಿಯಾದ ರಾಳ ಒಳಹೋಗಲು ಜಾಗ ಉಳಿಯುವುದಿಲ್ಲ.

ದುರಸ್ತಿಯಲ್ಲಿ ಸೀಳಿನೊಳಗಿನ ಗಾಳಿಯನ್ನು ಹೀರಿ ತೆಗೆದು, ಪಾರದರ್ಶಕ ರಾಳವನ್ನು ಒತ್ತಡದಿಂದ ತುಂಬಿ, ನೇರಳಾತೀತ ಬೆಳಕಿನಿಂದ ಗಟ್ಟಿಗೊಳಿಸಲಾಗುತ್ತದೆ. ಕಲೆ ಪೂರ್ತಿ ಮಾಯವಾಗದಿದ್ದರೂ ಬಿರುಕು ಮುಂದುವರಿಯುವುದು ನಿಲ್ಲುತ್ತದೆ. ಪೆಟ್ಟು ಸ್ಥೂಲವಾಗಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾಗಿದ್ದು, ಹೊರಹಾಳೆಗೆ ಮಾತ್ರ ಸೀಮಿತವಾಗಿದ್ದಾಗ ದುರಸ್ತಿ ಫಲಕಾರಿ. ಬಿರುಕು ಗಾಜಿನ ಅಂಚನ್ನು ಮುಟ್ಟಿದ್ದರೆ, ಒಳಹಾಳೆಯೂ ಸೀಳಿದ್ದರೆ, ಅಥವಾ ಚಾಲಕನ ನೇರ ದೃಷ್ಟಿಯ ಭಾಗದಲ್ಲಿದ್ದರೆ ಗಾಜನ್ನು ಬದಲಾಯಿಸುವುದೇ ಸುರಕ್ಷಿತ.

## ಬದಲಾವಣೆ

ಹೊಸ ಗಾಜಿನ ಮೂಲೆಯಲ್ಲಿ ತಯಾರಕರ ಹೆಸರು ಮತ್ತು ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಇರುವುದನ್ನು ಪರೀಕ್ಷಿಸಬೇಕು. ರಸ್ತೆ ಸಾರಿಗೆಯ ಸುರಕ್ಷಾ ಗಾಜಿಗೆ ಅನ್ವಯಿಸುವ ಮಾನಕ ಐಎಸ್ 2553ರ ಎರಡನೆಯ ಭಾಗ. ಹಳೆಯ ಅಂಟನ್ನು ಕೆರೆದು, ಚೌಕಟ್ಟಿನಲ್ಲಿ ತುಕ್ಕು ಇದ್ದರೆ ತೆಗೆದು, ಪ್ರೈಮರ್ ಹಚ್ಚಿದ ಬಳಿಕವೇ ಹೊಸ ಗಾಜನ್ನು ಕೂರಿಸಬೇಕು. ಅಂಟು ಬಿಗಿಯಾಗಲು ಅದರ ತಯಾರಕರು ಸೂಚಿಸಿದ ಅವಧಿಯವರೆಗೆ ವಾಹನವನ್ನು ಓಡಿಸಬಾರದು. ಮುಂಗಾಜಿನ ಹಿಂದೆ ಚಾಲಕ ಸಹಾಯಕ ಕ್ಯಾಮೆರಾ ಇರುವ ಕಾರುಗಳಲ್ಲಿ ಗಾಜು ಬದಲಾದ ನಂತರ ಕ್ಯಾಮೆರಾವನ್ನು ಮರುಹೊಂದಿಸಬೇಕಾಗುತ್ತದೆ. ಇಂತಹ ವಾಹನಗಳಲ್ಲಿ ವೆಚ್ಚ ಹೆಚ್ಚಲು ಇದೂ ಒಂದು ಕಾರಣ.

## ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರಂತೆ ವಾಹನದ ಗಾಜುಗಳು ಸುರಕ್ಷಾ ಗಾಜುಗಳಾಗಿರಬೇಕು ಹಾಗೂ ಮುಂಗಾಜು ಪದರಗಾಜೇ ಆಗಿರಬೇಕು. ಕೃಷಿ ಟ್ರ್ಯಾಕ್ಟರಿಗೆ ಇದರಿಂದ ವಿನಾಯಿತಿ ಇದೆ. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜು ಕನಿಷ್ಠ ಶೇ. 50ರಷ್ಟು ಬೆಳಕನ್ನು ಒಳಬಿಡಬೇಕು. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸರ್ವೋಚ್ಚ ನ್ಯಾಯಾಲಯವು 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ನಿಷೇಧಿಸಿತು. ನಂತರದ ತಿದ್ದುಪಡಿಗಳಲ್ಲಿಯೂ ಬೆಳಕಿನ ಈ ಪ್ರಮಾಣಗಳು ಬದಲಾಗಿಲ್ಲ.

ಅಪಾಯಕಾರಿ ದೋಷವಿದೆ ಎಂದು ತಿಳಿದೂ ವಾಹನವನ್ನು ರಸ್ತೆಗೆ ತರುವುದು ಮೋಟಾರು ವಾಹನ ಕಾಯಿದೆ, 1988ರ ಕಲಂ 190ರಂತೆ ದಂಡಾರ್ಹ. ಚಾಲಕನ ದೃಷ್ಟಿಗೆ ಅಡ್ಡವಾಗುವ ಬಿರುಕೂ ಇಂತಹ ದೋಷವಾಗಬಲ್ಲದು. ಆದುದರಿಂದ ಬಾಡಿಗೆ ವಾಹನದ ಒಡೆದ ಗಾಜನ್ನು ಬದಲಾಯಿಸದೆ ಚಾಲಕನನ್ನು ಕೆಲಸಕ್ಕೆ ಕಳುಹಿಸುವುದು ಮಾಲೀಕರಿಗೂ ಕ್ಷೇಮಕರವಲ್ಲ.

## ವಿಮೆ

### ಯಾವ ಪಾಲಿಸಿಯಲ್ಲಿ ಗಾಜಿಗೆ ರಕ್ಷಣೆ ಇದೆ

ಕಾಯಿದೆಯ ಕಲಂ 146ರಂತೆ ಪ್ರತಿ ವಾಹನಕ್ಕೂ ಕಡ್ಡಾಯವಾಗಿರುವುದು ಮೂರನೆಯ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ವಾಹನದಿಂದ ಇತರರಿಗಾದ ಹಾನಿಯನ್ನು ಭರಿಸುತ್ತದೆ. ಸ್ವಂತ ವಾಹನದ ಗಾಜಿಗೆ ಅದರಿಂದ ಒಂದು ರೂಪಾಯಿಯೂ ದೊರೆಯುವುದಿಲ್ಲ. ಗಾಜಿನ ವೆಚ್ಚ ಸಿಗಬೇಕಾದರೆ ‘ಸ್ವಂತ ಹಾನಿ’ ಭಾಗವನ್ನು ಒಳಗೊಂಡ ಸಮಗ್ರ ಪಾಲಿಸಿ ಇರಬೇಕು.

ಈ ವಿಷಯದಲ್ಲಿ ಸಾಮಾನ್ಯವಾದ ತಪ್ಪು ತಿಳಿವಳಿಕೆಯೊಂದಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಖರೀದಿಯ ಸಮಯದಲ್ಲಿಯೇ ಪಡೆಯುವುದು ಕಡ್ಡಾಯವಾಗಿದೆ. ಆದರೆ ಅದರೊಂದಿಗೆ ಬರುವ ಸ್ವಂತ ಹಾನಿಯ ಭಾಗ ಹೆಚ್ಚಾಗಿ ಒಂದು ವರ್ಷದ್ದು. ಮೂರು ವರ್ಷ ವಿಮೆ ಇದೆಯೆಂದು ನಂಬಿ ಎರಡನೆಯ ವರ್ಷ ಅದನ್ನು ನವೀಕರಿಸದವರಿಗೆ ಗಾಜಿನ ಪರಿಹಾರ ಸಿಗುವುದಿಲ್ಲ. ಪಾಲಿಸಿಯಲ್ಲಿ ಎರಡೂ ಭಾಗಗಳ ಮುಕ್ತಾಯ ದಿನಾಂಕ ಬೇರೆಬೇರೆಯಾಗಿ ನಮೂದಾಗಿರುತ್ತದೆ.

ಸ್ವಂತ ಹಾನಿಯ ಭಾಗವು ಬಾಹ್ಯ ಅಪಘಾತ, ಆಲಿಕಲ್ಲು, ಬಿರುಗಾಳಿ, ಪ್ರವಾಹಗಳ ಜೊತೆಗೆ ಗಲಭೆ, ಮುಷ್ಕರ ಮತ್ತು ದುರುದ್ದೇಶದ ಕೃತ್ಯಗಳಿಂದಾದ ಹಾನಿಯನ್ನೂ ಒಳಗೊಳ್ಳುತ್ತದೆ. ಬಂದ್ ವೇಳೆಯ ಕಲ್ಲು ತೂರಾಟದಲ್ಲಿ ಗಾಜು ಒಡೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಪರಿಹಾರ ಕೇಳಬಹುದು. ಸವಕಳಿ, ಮದ್ಯಪಾನ ಮಾಡಿ ಚಾಲನೆ, ಸಿಂಧುವಾದ ಪರವಾನಗಿ ಇಲ್ಲದ ಚಾಲನೆ ಇವು ಹೊರತಾದವು. ಖಾಸಗಿ ಬಳಕೆಗೆಂದು ನೋಂದಣಿಯಾದ ಕಾರನ್ನು ಬಾಡಿಗೆಗೆ ಓಡಿಸುವಾಗ ಹಾನಿಯಾದರೂ ಪರಿಹಾರ ನಿರಾಕರಣೆಯಾಗಬಹುದು.

### ಕಡಿತಗಳು

ಭಾರತದ ಮೋಟಾರು ವಿಮೆಯ ರೂಢಿಯಲ್ಲಿ ರಬ್ಬರ್, ನೈಲಾನ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆಯಲಾಗುತ್ತದೆ. ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ವಾಹನ ಎಷ್ಟೇ ಹಳೆಯದಾಗಿದ್ದರೂ ಈ ನಿಯಮ ಅನ್ವಯಿಸುತ್ತದೆ. ಕಡ್ಡಾಯ ಕಡಿತವಾಗಿ 1500 ಸಿಸಿವರೆಗಿನ ಖಾಸಗಿ ಕಾರುಗಳಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಕಾರುಗಳಿಗೆ 2,000 ರೂಪಾಯಿಯನ್ನು ಮಾಲೀಕರೇ ಭರಿಸಬೇಕು. ವಾಣಿಜ್ಯ ವಾಹನಗಳ ಕಡಿತದ ಮೊತ್ತವನ್ನು ಅವುಗಳ ಪಾಲಿಸಿಯಲ್ಲಿಯೇ ನೋಡಿಕೊಳ್ಳಬೇಕು.

### ಕ್ಲೇಮು ಮಾಡುವುದು ಲಾಭಕರವೇ

ಕ್ಲೇಮು ಮಾಡದ ವರ್ಷಗಳಿಗಾಗಿ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ದೊರೆಯುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಇದು ಸತತ ವರ್ಷಗಳಿಗೆ ಕ್ರಮವಾಗಿ ಶೇ. 20, 25, 35, 45 ಮತ್ತು 50ರಷ್ಟಿರುತ್ತದೆ. ಒಂದು ಸಣ್ಣ ಕ್ಲೇಮು ಮಾಡಿದರೂ ಅದು ಸೊನ್ನೆಗೆ ಇಳಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯಬಹುದು. 1500 ಸಿಸಿಗಿಂತ ಚಿಕ್ಕ ಕಾರೊಂದರ ಗಾಜಿನ ವೆಚ್ಚ 9,000 ರೂಪಾಯಿ ಎಂದೂ, ರಿಯಾಯಿತಿಗೆ ಮುಂಚಿನ ಸ್ವಂತ ಹಾನಿಯ ವಾರ್ಷಿಕ ಪ್ರೀಮಿಯಮ್ 8,000 ರೂಪಾಯಿ ಎಂದೂ, ಮಾಲೀಕರು ಈಗ ಶೇ. 25ರ ಬೋನಸ್ ಪಡೆಯುತ್ತಿದ್ದಾರೆ ಎಂದೂ ಇಟ್ಟುಕೊಳ್ಳೋಣ.

| ಮುಂದಿನ ವರ್ಷಗಳು | ಕ್ಲೇಮು ಮಾಡದಿದ್ದರೆ ಬೋನಸ್ | ಕ್ಲೇಮು ಮಾಡಿದರೆ ಬೋನಸ್ | ನಷ್ಟ (ರೂಪಾಯಿ) |
|---|---|---|---|
| 1ನೆಯ | ಶೇ. 35 | ಶೇ. 0 | 2,800 |
| 2ನೆಯ | ಶೇ. 45 | ಶೇ. 20 | 2,000 |
| 3ನೆಯ | ಶೇ. 50 | ಶೇ. 25 | 2,000 |
| 4ನೆಯ | ಶೇ. 50 | ಶೇ. 35 | 1,200 |
| 5ನೆಯ | ಶೇ. 50 | ಶೇ. 45 | 400 |
| ಒಟ್ಟು | | | 8,400 |

ವಿಮಾ ಕಂಪನಿಯಿಂದ ಬರುವುದು 8,000 ರೂಪಾಯಿ, ಐದು ವರ್ಷಗಳಲ್ಲಿ ಕಳೆದುಕೊಳ್ಳುವುದು 8,400 ರೂಪಾಯಿ. ವಾಹನ ಹಳೆಯದಾದಂತೆ ಪ್ರೀಮಿಯಮ್ ಇಳಿಯುವುದರಿಂದ ನಷ್ಟ ಸ್ವಲ್ಪ ಕಡಿಮೆಯಾಗಬಹುದಾದರೂ ಎರಡೂ ಸರಿಸುಮಾರು ಸಮ. ಇದೇ ಕಾರು ಮೊದಲ ವರ್ಷದಲ್ಲಿದ್ದು ಇನ್ನೂ ಬೋನಸ್ ಗಳಿಸಿರದಿದ್ದರೆ ಒಟ್ಟು ನಷ್ಟ 4,000 ರೂಪಾಯಿ ಮಾತ್ರ, ಆಗ ಕ್ಲೇಮು ಲಾಭಕರ. ಗಾಜಿನ ವೆಚ್ಚ 25,000 ರೂಪಾಯಿ ಆಗಿದ್ದರೆ ಎರಡೂ ಸಂದರ್ಭಗಳಲ್ಲಿ ಕ್ಲೇಮು ಮಾಡುವುದೇ ಸರಿ. ಹೆಚ್ಚುವರಿ ಪ್ರೀಮಿಯಮ್ಮಿಗೆ ‘ಬೋನಸ್ ರಕ್ಷಣೆ’ ಪಡೆದಿದ್ದರೆ ಷರತ್ತುಗಳಿಗೆ ಒಳಪಟ್ಟು ಬೋನಸ್ ಉಳಿಯುತ್ತದೆ. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ ಇಲ್ಲವಾಗುತ್ತದೆ.

### ಕ್ಲೇಮಿನ ಕ್ರಮ

1. ಗಾಜು, ನೋಂದಣಿ ಸಂಖ್ಯೆ ಹಾಗೂ ಸ್ಥಳ ಕಾಣುವಂತೆ ಛಾಯಾಚಿತ್ರ ತೆಗೆದು ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು.
2. ಕಂಪನಿಯ ಪರಿಶೀಲನೆ ಅಥವಾ ಒಪ್ಪಿಗೆಗೆ ಮುಂಚೆ ಗಾಜನ್ನು ಬದಲಾಯಿಸಬಾರದು.
3. ನೋಂದಣಿ ಪತ್ರ, ಚಾಲನಾ ಪರವಾನಗಿ, ಪಾಲಿಸಿಯ ಪ್ರತಿ ಮತ್ತು ಅಂದಾಜು ಪಟ್ಟಿಯನ್ನು ಒದಗಿಸಬೇಕು.
4. ನಗದುರಹಿತ ಸೌಲಭ್ಯದ ಗ್ಯಾರೇಜು ತಾಲ್ಲೂಕು ಕೇಂದ್ರದಲ್ಲಿ ಇಲ್ಲದಿದ್ದರೆ, ಕಂಪನಿಯ ಒಪ್ಪಿಗೆ ಪಡೆದು ಸ್ಥಳೀಯವಾಗಿ ಗಾಜು ಹಾಕಿಸಿ, ತೆರಿಗೆ ಸಹಿತ ಅಧಿಕೃತ ಬಿಲ್ಲಿನ ಮೂಲಕ ಹಣ ಮರಳಿ ಪಡೆಯಬಹುದು. ಬಿಳಿ ಚೀಟಿಯ ಮೇಲೆ ಬರೆದ ಲೆಕ್ಕಕ್ಕೆ ಪರಿಹಾರ ಸಿಗುವುದು ಕಷ್ಟ.

## ದೂರು ಪರಿಹಾರ

ಕ್ಲೇಮು ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ವಿಮಾ ಓಂಬುಡ್ಸ್‌ಮನ್ ನಿಯಮಗಳು, 2017ರಡಿ ಬೆಂಗಳೂರಿನ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ದೂರು ನೀಡಬಹುದು.

ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಂತೆ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಲೂ ಅವಕಾಶವಿದೆ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಈ ಕಾಯಿದೆ ಅವಕಾಶ ನೀಡಿರುವುದರಿಂದ, ವಿಮಾ ಕಂಪನಿಯ ಕಚೇರಿ ಬೇರೆ ನಗರದಲ್ಲಿದ್ದರೂ ಹಾನಗಲ್ಲ ಅಥವಾ ಹಿರೇಕೆರೂರಿನ ನಿವಾಸಿಗಳು ಹಾವೇರಿಯ ಜಿಲ್ಲಾ ಆಯೋಗದಲ್ಲಿಯೇ ಪರಿಹಾರ ಕೋರಬಹುದು.